ಕಟ್ಟು ಹಾಕುವವನ ಕೋಣೆ

ಯಾವ ಊರಿನ ಪೇಟೆಗೆ ಹೋದರೂ ದೇವಸ್ಥಾನದ ಬೀದಿಯ ಆಸುಪಾಸಿನಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಒಂದೆರಡು ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಮುಂಭಾಗದಲ್ಲಿ ಲಕ್ಷ್ಮಿ, ವೆಂಕಟರಮಣ, ಮಂಜುನಾಥ, ಸಾಯಿಬಾಬಾ ಸಾಲಾಗಿ ತೂಗುತ್ತಿರುತ್ತಾರೆ. ಬದಿಗೊಂದು ಕನ್ನಡಿ ಇರುತ್ತದೆ. ಹೋಗುವ ಬರುವ ಹುಡುಗರೆಲ್ಲ ಅದರಲ್ಲಿ ಕ್ರಾಪು ತಿದ್ದಿಕೊಳ್ಳುವುದುಂಟು. ಆದರೆ ಆ ದೇವರುಗಳ ಬೆನ್ನ ಹಿಂದೆ ಏನಿದೆಯೆಂದು ಇಣುಕಿ ನೋಡಿದವರು ಕಡಿಮೆ. ನೋಡಿದರೆ ಸಾಮಾನ್ಯವಾಗಿ ಕಾಣುವುದಿಷ್ಟು: ಮರದ ಹೊಟ್ಟಿನ ಗುಡ್ಡೆ, ಗೋಡೆಗೆ ಒರಗಿಸಿಟ್ಟ ಗಾಜು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮೊಳೆ ಹೊಡೆಯುತ್ತಿರುವ ಒಬ್ಬ ಮನುಷ್ಯ, ಅವನ ಮಗ್ಗುಲಲ್ಲೇ ಯಾರದೋ ಮದುವೆಯ ಫೋಟೊ, ಆ ಫೋಟೊದ ಮೇಲೆ ಅರ್ಧ ಕುಡಿದ ಚಹಾದ ಲೋಟ.

ಹೀಗೆ ಕುಕ್ಕರಗಾಲಿನಲ್ಲಿ ಹದಿನಾರು ವರ್ಷ ಬೇರೆಯವರ ಅಂಗಡಿಯಲ್ಲಿ ದುಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಸಾಗರದ ಪೇಟೆಯಲ್ಲಿ ತನ್ನದೇ ಒಂದು ಮಳಿಗೆ ಬಾಡಿಗೆಗೆ ಹಿಡಿದ. ಹತ್ತಡಿ ಅಗಲ, ಹದಿನಾರು ಅಡಿ ಉದ್ದ, ಉತ್ತರಕ್ಕೆ ಮುಖ. ಅಕ್ಕಪಕ್ಕ ಬೇರೆ ಮಳಿಗೆಗಳು, ಹಿಂದೆ ಹಿತ್ತಿಲು. ಸಹಕಾರ ಸಂಘದಲ್ಲಿ ಸಾಲ ತೆಗೆದಿದ್ದಾನೆ, ಹೆಂಡತಿಯ ಬಳೆಯೊಂದು ಅಡವಿದೆ. ಅವನ ಎರಡೂ ಮಂಡಿಗಳು ಈಗಲೇ ಮುಷ್ಕರ ಹೂಡಿವೆ. 'ಮೇಷ್ಟ್ರೇ, ಒಂದ್ಸಲ ಬಂದು ನೋಡ್ತೀರಾ? ಸಾಮಾನು ತರಕ್ಕೆ ಮುಂಚೆ ಯಾವುದು ಎಲ್ಲಿ ಅಂತ ಗಟ್ಟಿ ಮಾಡ್ಕಬೇಕು' ಎಂದ. ವಿಜ್ಞಾನದ ಮೇಷ್ಟರಿಗೂ ಫೋಟೊ ಕಟ್ಟಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಗಾಜು, ಮರ, ಕಾಗದ, ಬೆಳಕು, ತೇವ, ಕೋನ. ಇದರಲ್ಲಿ ಒಂಬತ್ತನೇ ತರಗತಿಯ ಪುಸ್ತಕದ ಹೊರಗಿನದು ಯಾವುದಿದೆ ಹೇಳಿ?

ಈ ಕಸುಬು ನಮ್ಮ ಕಡೆ ಬೇರೂರಿದ್ದೇ ಅಗ್ಗದ ಮುದ್ರಣದಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಶಿಲಾಮುದ್ರಣದ ಪ್ರೆಸ್ಸು ತೆರೆದ ಮೇಲೆ, ಅರಮನೆಯಲ್ಲಿ ಮಾತ್ರ ಇದ್ದ ಬಣ್ಣದ ಲಕ್ಷ್ಮಿ-ಸರಸ್ವತಿಯರು ಸಾಧಾರಣ ಮನೆಗಳ ಗೋಡೆಗೂ ಬಂದರು. ಕಾಗದದ ದೇವರಿಗೆ ಗಾಜಿನ ರಕ್ಷೆ ಬೇಕಾಯಿತು, ಗಾಜಿಗೆ ಮರದ ಕಟ್ಟು ಬೇಕಾಯಿತು. ಆಮೇಲೆ ಶಿವಕಾಶಿಯ ಕ್ಯಾಲೆಂಡರುಗಳು ಬಂದವು. ತಾರೀಖಿನ ಭಾಗ ಕತ್ತರಿಸಿ ತೆಗೆದು ಮೇಲಿನ ಚಿತ್ರಕ್ಕೆ ಕಟ್ಟು ಹಾಕಿಸದ ಮನೆ ನಮ್ಮ ಮಲೆನಾಡಿನಲ್ಲಿ ಇದ್ದಿರಲಾರದು. ಇವುಗಳ ನಡುವೆ ತಾತ, ಮುತ್ತಜ್ಜಿಯರ ಕಪ್ಪು-ಬಿಳುಪು ಫೋಟೊಗಳು ಜಗಲಿಯ ಗೋಡೆ ಏರಿದವು. ಮರಗೆಲಸ ಬಲ್ಲವರಿಗೆ ಇದೊಂದು ಉಪಕಸುಬಾಯಿತು. ಸಾಗರ, ಸೊರಬಗಳು ಗುಡಿಗಾರರ ನೆಲ. ಗಂಧದ ಕೆತ್ತನೆಯ ಊರಿನಲ್ಲಿ ಮರ ಬಲ್ಲ ಕೈಗಳಿಗೆ ಎಂದೂ ಬರ ಬಂದದ್ದಿಲ್ಲ.

ಶಿಷ್ಯ ಒಂದು ನಕ್ಷೆ ಬರೆದಿಟ್ಟಿದ್ದ. ನೋಟುಬುಕ್ಕಿನ ಹಾಳೆಯ ನಡುವೆ ದೊಡ್ಡ ಟೇಬಲು, ಸುತ್ತ ಗೋಡೆಗೆ ತಾಗಿ ಗರಗಸ, ಗಾಜು, ಪಟ್ಟಿಗಳು, ಮೂಲೆ ಜೋಡಿಸುವ ಯಂತ್ರ. ತಪ್ಪೇನಿಲ್ಲ, ಚೆನ್ನಾಗಿಯೇ ಇತ್ತು. 'ಎಲ್ಲ ಬರೆದಿದ್ದೀಯ. ಗಿರಾಕಿ ಕೊಟ್ಟ ಫೋಟೊ ಎಲ್ಲಿರುತ್ತದೆ ಮಾರಾಯ?' ಎಂದು ಕೇಳಿದೆ. 'ಅದಾ? ಎಲ್ಲಾದ್ರೂ ಇರತ್ತೆ ಸಾರ್' ಎಂದು ನಕ್ಕ.

ಅಲ್ಲಿಂದಲೇ ನಮ್ಮ ಕೆಲಸ ಶುರುವಾಯಿತು. ಪಟ್ಟಿ ಹಾಳಾದರೆ ಇನ್ನೊಂದು ಪಟ್ಟಿ ಕತ್ತರಿಸಬಹುದು. ಗಾಜು ಒಡೆದರೆ ನೂರಿನ್ನೂರು ರೂಪಾಯಿಯ ಮಾತು. ಆದರೆ ಆ ಕೋಣೆಯೊಳಗೆ ಬರುವ ಸಾಮಾನಿನಲ್ಲಿ ಇನ್ನೊಂದು ಸಿಗದಿರುವುದು ಚಿತ್ರ ಮಾತ್ರ. ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳಬಹುದು, ನಿಜ. ನೆಗೆಟಿವ್ ಎಂದೋ ಕಳೆದುಹೋದ ಅಜ್ಜಿಯ ಒಂದೇ ಒಂದು ಪ್ರತಿ, ತೀರಿಹೋದ ಮಗು ಬಿಡಿಸಿದ ಹೂವು, ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿಯ ಚಿತ್ರ, ಇವನ್ನು ಏನು ಮಾಡುತ್ತೀರಿ? ಆದ್ದರಿಂದ ಇಂಥ ಕೋಣೆಯ ನಕ್ಷೆಯನ್ನು ಯಂತ್ರಗಳಿಂದ ಆರಂಭಿಸಬಾರದು. ಬಾಗಿಲಲ್ಲಿ ಒಳಬಂದ ಚಿತ್ರ ಮತ್ತೆ ಬಾಗಿಲು ದಾಟುವವರೆಗೆ ಎಲ್ಲೆಲ್ಲಿ ಓಡಾಡುತ್ತದೆ ಎಂಬುದರಿಂದ ಆರಂಭಿಸಬೇಕು. ಆ ಓಡಾಟ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಚಿತ್ರ ಗರಗಸದ ಹತ್ತಿರ ಹೋಗಬೇಕಿಲ್ಲ, ಗಾಜಿನ ಹತ್ತಿರ ಹೋಗಬೇಕಿಲ್ಲ. ಅವುಗಳ ಅಳತೆ ಹೋದರೆ ಸಾಕು. ಕಟ್ಟು ಸಿದ್ಧವಾಗಿ, ಗಾಜು ತೊಳೆದುಕೊಂಡು, ಚಿತ್ರವಿದ್ದಲ್ಲಿಗೆ ತಾವೇ ಬರಲಿ.

ಹೀಗೆ ಯೋಚಿಸಿದ ಕೂಡಲೇ ಕೋಣೆ ತಾನಾಗಿ ಎರಡು ಹೋಳಾಗುತ್ತದೆ. ಮುಂದಿನ ಒಂಬತ್ತಡಿ ಶುಚಿಯ ಭಾಗ, ಹಿಂದಿನ ಏಳಡಿ ಧೂಳಿನ ಭಾಗ. ನಮ್ಮ ಅಜ್ಜಿಯರು ಅಡುಗೆಮನೆಯಲ್ಲಿ ಮಾಡುತ್ತಿದ್ದ ಮಡಿ-ಮೈಲಿಗೆಯ ಲೆಕ್ಕಾಚಾರ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ!

ಹತ್ತಡಿ ಪಟ್ಟಿಯ ಸಮಸ್ಯೆ

ಮೊದಲು ಬಗೆಹರಿಯಬೇಕಾದ್ದು ಪಟ್ಟಿಗಳದ್ದು. ಅಂಗಡಿಯವರು ಬೀಡಿಂಗ್ ಎನ್ನುವ ಈ ಪಟ್ಟಿಗಳು, ಮರದ್ದಾಗಲಿ ಸಿಂಥೆಟಿಕ್ ಆಗಲಿ, ಒಂಬತ್ತು-ಹತ್ತಡಿ ಉದ್ದದಲ್ಲಿ ಬರುತ್ತವೆ. ಕೋಣೆಯ ಅಗಲವೇ ಹತ್ತಡಿ. ಅದರಲ್ಲಿ ಅರ್ಧ ಜಾಗವನ್ನು ಟೇಬಲುಗಳು ನುಂಗಿರುತ್ತವೆ. ಇಂಥ ಕೋಣೆಯಲ್ಲಿ ಹತ್ತಡಿ ಕೋಲೊಂದನ್ನು ತಿರುಗಿಸಲು ಹೊರಟರೆ ಒಂದು ತುದಿ ಟ್ಯೂಬ್‌ಲೈಟಿಗೆ, ಇನ್ನೊಂದು ತುದಿ ಯಾರದಾದರೂ ಕಣ್ಣಿಗೆ.

ಗಣಿತದಲ್ಲಿ ಇದೊಂದು ಪ್ರಸಿದ್ಧ ಪ್ರಶ್ನೆ. ಒಂದು ಸೂಜಿಯನ್ನು ನೆಲದ ಮೇಲಿಟ್ಟು ಅದರ ದಿಕ್ಕು ಪೂರ್ತಿ ತಿರುಗಿಸಲು ಕನಿಷ್ಠ ಎಷ್ಟು ಜಾಗ ಬೇಕೆಂದು ಜಪಾನಿನ ಸೊಯಿಚಿ ಕಾಕೆಯ 1917ರಲ್ಲಿ ಕೇಳಿದ. ನಡುವನ್ನು ಹಿಡಿದು ಗಿರ್ರನೆ ತಿರುಗಿಸಿದರೆ ಹತ್ತಡಿ ಕೋಲಿಗೆ ಸುಮಾರು 78 ಚದರಡಿ ಬೇಕು. ಮೂರು ಮೊನೆಗಳ ಒಂದು ಬಾಗಿದ ಆಕೃತಿಯೊಳಗೆ ಜಾಣತನದಿಂದ ಜಾರಿಸುತ್ತ ತಿರುಗಿಸಿದರೆ ಅದರ ಅರ್ಧ, 39 ಚದರಡಿ ಸಾಕು. ಅಷ್ಟೇ ಅಲ್ಲ, ಹಿಂದಕ್ಕೂ ಮುಂದಕ್ಕೂ ಲೆಕ್ಕವಿಲ್ಲದಷ್ಟು ಸಲ ಎಳೆದಾಡಲು ಸಿದ್ಧರಿದ್ದರೆ ಎಷ್ಟು ಕಡಿಮೆ ವಿಸ್ತೀರ್ಣದಲ್ಲಿ ಬೇಕಾದರೂ ತಿರುಗಿಸಬಹುದೆಂದು ಬೆಸಿಕೊವಿಚ್ ಎಂಬ ಗಣಿತಜ್ಞ 1920ರ ದಶಕದಲ್ಲಿ ತೋರಿಸಿಕೊಟ್ಟ. ಈ ಪ್ರಶ್ನೆಯಿಂದ ಹುಟ್ಟಿದ ಮೂರು ಆಯಾಮದ ಒಂದು ಸಮಸ್ಯೆಗೆ 2025ರಲ್ಲಿ ಹಾಂಗ್ ವಾಂಗ್ ಮತ್ತು ಜೋಶುವಾ ಝಾಲ್ ಎಂಬಿಬ್ಬರು ಸಾಧನೆ ಮಂಡಿಸಿದ್ದು ಗಣಿತಲೋಕದಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ಶಿಷ್ಯನಿಗೆ ಇಷ್ಟೆಲ್ಲ ಹೇಳಿದ್ದಕ್ಕೆ, 'ಸಾರ್, ತಿರುಗಿಸೋದೇ ಬೇಡ ಅಂದ್ರೆ ಆಗಲ್ವಾ?' ಎಂದ.

ಆಗುತ್ತದೆ. ಅದೇ ಸರಿಯಾದ ಉತ್ತರ. ಗಾಡಿಯಿಂದ ಇಳಿದ ಪಟ್ಟಿ ಉದ್ದುದ್ದಕ್ಕೇ ಬಾಗಿಲು ದಾಟಿ ಒಳಬರಬೇಕು. ಎಡಗೋಡೆಯ ಮೇಲಿನ ಹಲಗೆಗೂಟಗಳ ಮೇಲೆ ಉದ್ದುದ್ದಕ್ಕೇ ಮಲಗಬೇಕು. ಬೇಕಾದಾಗ ಅಲ್ಲಿಂದ ಹಾಗೇ ಕೆಳಗಿಳಿದು ಅದೇ ಗೋಡೆಯ ಉದ್ದಕ್ಕೆ ಇರುವ ಗರಗಸದ ಬಾಯಿಗೆ ಬರಬೇಕು. ಕೋಲಿನ ದಿಕ್ಕು ಎಲ್ಲಿಯೂ ಬದಲಾಗುವುದಿಲ್ಲ. ಎಡಕ್ಕೂ ಬಲಕ್ಕೂ 45 ಡಿಗ್ರಿ ಹೊರಳುವುದು ಗರಗಸದ ಕೆಲಸ, ಪಟ್ಟಿಯ ಕೆಲಸವಲ್ಲ.

ಗರಗಸದ ಜಾಗವೂ ಇದರಿಂದಲೇ ಗೊತ್ತಾಯಿತು. ಹೊಸ ಪಟ್ಟಿಗೆ ಮೊದಲ ಕೊಯ್ತ ಹಾಕುವಾಗ ಅದರ ಹತ್ತಡಿಯೂ ಬ್ಲೇಡಿನ ಒಂದೇ ಬದಿಗಿರುತ್ತದೆ. ಅಳತೆ ಹಿಡಿದು ಎರಡನೆಯ ಕೊಯ್ತಕ್ಕೆ ಸರಿಸುವಾಗ ಇನ್ನೊಂದು ಬದಿಗೆ ಬೇಕಾದಷ್ಟು ಹೋಗುತ್ತದೆ. ಗೋಡೆ ಹದಿನಾರಡಿ ತಾನೆ? ಹಿಂಗೋಡೆಯಿಂದ ಆರಡಿ ಬಿಟ್ಟು ಬ್ಲೇಡು ನಿಲ್ಲಿಸಿದರೆ ಶಟರಿನ ಕಡೆಗೆ ಸರಿಯಾಗಿ ಹತ್ತಡಿ ಉಳಿಯಿತು. ಹಿಂದೆ ಆರಡಿವರೆಗಿನ ತುಂಡು ಬೇಕಾದರೂ ಕತ್ತರಿಸಬಹುದು; ಆರಡಿಗಿಂತ ದೊಡ್ಡ ಚಿತ್ರಕ್ಕೆ ಕಟ್ಟು ಹಾಕಿಸುವವರು ನಮ್ಮೂರಿನಲ್ಲಿ ವರ್ಷಕ್ಕೊಬ್ಬರು ಬಂದರೆ ಹೆಚ್ಚು. ಮುಂಭಾಗದಲ್ಲಿ ಪಟ್ಟಿಗೆ ಆಸರೆಯಾಗಿ ಗೋಡೆಗೆ ತಿರುಪು ಹಾಕಿದ, ಕೆಲಸ ಮುಗಿದ ಮೇಲೆ ಕೆಳಕ್ಕೆ ಮಡಚುವ ಎರಡು ತೋಳುಗಳಿದ್ದರೆ ಓಡಾಡುವ ದಾರಿಗೂ ಅಡ್ಡಿಯಿಲ್ಲ.

ಪಟ್ಟಿಗಳನ್ನು ಮೂಲೆಯಲ್ಲಿ ನೆಟ್ಟಗೆ ಒರಗಿಸಿಡುವ ರೂಢಿ ಎಲ್ಲ ಕಡೆ ಇದೆ. ಜಾಗವೇನೋ ಉಳಿಯುತ್ತದೆ, ಆದರೆ ತಿಂಗಳೆರಡು ತಿಂಗಳಲ್ಲಿ ಬಿಲ್ಲಿನಂತೆ ಬಾಗುತ್ತವೆ. ಮಲಗಿಸಿದರೂ ಆಸರೆಗಳು ದೂರ ದೂರವಿದ್ದರೆ ಅದೇ ಗತಿ. ಇಲ್ಲೊಂದು ಸೋಜಿಗದ ಲೆಕ್ಕವಿದೆ: ತನ್ನ ಭಾರಕ್ಕೇ ಬಾಗುವ ತೊಲೆಯ ಬಾಗು ಆಸರೆಗಳ ನಡುವಿನ ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ಐದಡಿಗೊಂದರಂತೆ ಇದ್ದ ಗೂಟಗಳನ್ನು ಎರಡೂವರೆ ಅಡಿಗೊಂದರಂತೆ ಹಾಕಿದರೆ ಬಾಗು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ! ಇನ್ನೆರಡು ಕಬ್ಬಿಣದ ಗೂಟಗಳ ಖರ್ಚಿಗೆ ಇಷ್ಟು ಲಾಭ ಬೇರೆಲ್ಲಿ ಸಿಕ್ಕೀತು?

ಬಾಗಿದ ಪಟ್ಟಿಯಿಂದ ಏನು ನಷ್ಟವೆಂದರೆ ಮೂಲೆ ಕೂಡುವುದಿಲ್ಲ. ಒಂದು ಕಟ್ಟಿಗೆ ನಾಲ್ಕು ಮೂಲೆ, ಎಂಟು ಕೊಯ್ತ. ಪ್ರತಿ ಕೊಯ್ತದಲ್ಲೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೂ ಒಟ್ಟು ನಾಲ್ಕು ಡಿಗ್ರಿ. ಮೂರು ಮೂಲೆಗಳನ್ನು ಬಿಗಿದು ಕೂಡಿಸಿದರೆ ಅಷ್ಟೂ ತಪ್ಪು ನಾಲ್ಕನೆಯ ಮೂಲೆಗೆ ಹೋಗಿ ಸೇರುತ್ತದೆ. ಎರಡಿಂಚು ಅಗಲದ ಪಟ್ಟಿಯಾದರೆ ಅಲ್ಲಿ 5 ಮಿಲಿಮೀಟರಿನಷ್ಟು ಬಾಯಿ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಮೇಣವನ್ನೋ ಮರದ ಪುಡಿಯನ್ನೋ ಮೆತ್ತಿ ಬಣ್ಣ ಬಳಿದು ಕೊಟ್ಟ ಕಟ್ಟುಗಳು ನಿಮ್ಮ ಮನೆಯಲ್ಲೂ ಇದ್ದಾವು, ಒಮ್ಮೆ ನೋಡಿ. ಆದಕಾರಣ ಗರಗಸವನ್ನು ಒಮ್ಮೆ ಮೂಲೆಮಟ್ಟ ಹಿಡಿದು ಸರಿಪಡಿಸಿ ಬಿಗಿದ ಮೇಲೆ ಅದನ್ನು ಅಲುಗಾಡಿಸಬಾರದು. ಜಾಗ ಸಾಲದೆಂದು ದಿನವೂ ಎತ್ತಿ ಇಟ್ಟು ಮಾಡುವ ಗರಗಸ ಎಂದೂ ನಿಖರವಾಗಿರುವುದಿಲ್ಲ. ಕೋಣೆಯ ನಕ್ಷೆ ಕೆಟ್ಟರೆ ಮೂಲೆಯೂ ಕೆಡುತ್ತದೆ ಎನ್ನುವುದು ಹೀಗೆ.

ಗರಗಸದ ಪಕ್ಕದಲ್ಲೇ, ಹಿಂಗೋಡೆಯವರೆಗಿನ ಜಾಗದಲ್ಲಿ, ಮೂಲೆ ಜೋಡಿಸುವ ಯಂತ್ರ. ಅದರ ಮೇಲೆ ಅಂಟು ಆರುವವರೆಗೆ ಕಟ್ಟುಗಳು ಕೂರುವ ಹಲಗೆ. ಹಿಂಗೋಡೆಯ ಗವಾಕ್ಷಿಗೆ ಗಾಳಿ ಹೊರದೂಡುವ ಫ್ಯಾನು. ಗರಗಸದ ಹೊಟ್ಟು ಹಿಡಿಯುವ ಚೀಲವನ್ನು 'ಅಡ್ಡ ಬರುತ್ತದೆ' ಎಂದು ಬಿಚ್ಚಿಡುವವರೇ ಹೆಚ್ಚು. ಕಣ್ಣಿಗೆ ಕಾಣುವ ಹೊಟ್ಟು ಅಂಥ ಅಪಾಯದ್ದಲ್ಲ, ಅದು ಕೆಳಗೆ ಬೀಳುತ್ತದೆ. ಕಾಣದಷ್ಟು ನುಣ್ಣಗಿನ ಪುಡಿ ಅಲುಗಾಡದ ಗಾಳಿಯಲ್ಲೂ ಹಲವು ನಿಮಿಷ ತೇಲುತ್ತಿದ್ದು ಶ್ವಾಸಕೋಶದ ಒಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹದಿನಾರು ವರ್ಷ ಅದನ್ನು ಉಸಿರಾಡಿದವನಿಗೆ ಇದನ್ನು ಹೇಳುವುದು ನನಗೂ ಸುಲಭವಿರಲಿಲ್ಲ. ಇನ್ನುಮುಂದಾದರೂ ಮುಖಕ್ಕೆ ಒಳ್ಳೆಯ ಮಾಸ್ಕು ಕಟ್ಟಿಕೊ ಎಂದೆ, ಸೊಪ್ಪು ಹಾಕುತ್ತಾನೋ ಇಲ್ಲವೋ.

ಗಾಜು ನಿಂತೇ ಇರಬೇಕು

ಬಲಗೋಡೆಯ ಹಿಂಭಾಗ ಗಾಜಿಗೆ. ಗಾಜು ಹಗುರವೆಂದು ತಿಳಿಯುವುದು ಒಂದು ಭ್ರಮೆ. ಎರಡು ಮಿಲಿಮೀಟರ್ ದಪ್ಪದ, ನಾಲ್ಕಡಿ ಮೂರಡಿಯ ಒಂದು ಹಾಳೆ ಐದೂವರೆ ಕಿಲೋ ತೂಗುತ್ತದೆ. ಇಪ್ಪತ್ತು ಹಾಳೆ ತಂದಿಟ್ಟರೆ ಒಂದು ಕ್ವಿಂಟಲ್ ದಾಟಿತು. ಇದನ್ನು ಅಟ್ಟದ ಮೇಲಿಡುವ ಧೈರ್ಯವಂತರನ್ನೂ ನಾನು ಕಂಡಿದ್ದೇನೆ. ಗಾಜಿನ ಜಾಗ ನೆಲಮಟ್ಟದಲ್ಲಿ, ಕತ್ತರಿಸುವ ಟೇಬಲಿನ ಕೆಳಗೆ. ಮರದ ಪಟ್ಟಿಯ ಮೇಲೆ ಅಂಚೂರಿ ನಿಂತು, ಮೂರಡಿ ಎತ್ತರಕ್ಕೆ ಮೂರಿಂಚಿನಷ್ಟು ಹಿಂದಕ್ಕೆ ವಾಲಿರಬೇಕು. ಮಲಗಿಸಬಾರದೇಕೆ? ಗಾಜಿಗೆ ಒತ್ತಡ ತಡೆಯುವ ಶಕ್ತಿ ಬಹಳ, ಎಳೆತ ತಡೆಯುವ ಶಕ್ತಿ ಕಡಿಮೆ. ನಿಂತಾಗ ಭಾರವೆಲ್ಲ ಒತ್ತಡವಾಗಿ ಅಂಚಿಗಿಳಿಯುತ್ತದೆ. ಮಲಗಿಸಿದರೆ, ಕೆಳಗೆಲ್ಲೋ ಒಂದು ಮರಳಿನ ಕಾಳಿದ್ದರೂ ಸಾಕು, ಹಾಳೆ ಬಾಗಿ ಕೆಳಮೈ ಎಳೆತಕ್ಕೆ ಸಿಗುತ್ತದೆ. ಜೊತೆಗೆ ನಮ್ಮ ಕಡೆಯ ಮಳೆಗಾಲ. ಹಾಳೆಗಳ ನಡುವೆ ಸಿಕ್ಕಿಕೊಂಡ ತೇವ ಗಾಜಿನೊಳಗಿನ ಕ್ಷಾರವನ್ನು ಕರಗಿಸಿ, ಎಷ್ಟು ಒರೆಸಿದರೂ ಹೋಗದ ಹಾಲುಬಣ್ಣದ ಕಲೆ ಬಿಡಿಸುತ್ತದೆ. ನಡುನಡುವೆ ಒಣ ಕಾಗದ ಸೇರಿಸಿ ನಿಲ್ಲಿಸುವುದು ಅದಕ್ಕಾಗಿ.

ಗಾಜನ್ನು ಯಾರೂ ಕತ್ತರಿಸುವುದಿಲ್ಲ, ಮುರಿಯುತ್ತಾರೆ ಅಷ್ಟೆ. ವಜ್ರದ ಮೊನೆಯೋ ಉಕ್ಕಿನ ಗಾಲಿಯೋ ಮೇಲ್ಮೈಯಲ್ಲಿ ಒಂದು ಸೀಳು ಎಬ್ಬಿಸುತ್ತದೆ. ಆಮೇಲೆ ಟೇಬಲಿನ ಅಂಚಿಗೆ ಹಿಡಿದು ಒತ್ತಿದರೆ ಆ ಸೀಳು ತನ್ನ ದಾರಿ ಹಿಡಿದು ಓಡುತ್ತದೆ. ಗೀರೆಳೆಯುವಾಗ ಕಣ್ಣಿಗೆ ಕಾಣದ ಚೂರುಗಳು ಸಿಡಿಯುತ್ತವೆ. ಚಿತ್ರದ ಮಟ್ಟಿಗೆ ಹೊಟ್ಟಿಗಿಂತ ದೊಡ್ಡ ಶತ್ರು ಇವೇ. ಹೊಟ್ಟಿನ ಕಣವನ್ನು ಬ್ರಷ್ಷಿನಿಂದ ಹಾರಿಸಬಹುದು, ಗಾಜಿನ ಕಣ ಫೋಟೊದ ಮೇಲೆ ಗೀರೆಳೆದೇ ಹೋಗುತ್ತದೆ. ಹಾಗಾಗಿ ಗಾಜಿನ ಟೇಬಲಿಗೂ ಚಿತ್ರದ ಟೇಬಲಿಗೂ ನಡುವೆ ಆಳೆತ್ತರದ ಒಂದು ಪ್ಲೈವುಡ್ ಮರೆ ನಿಲ್ಲಿಸಿದೆವು. 'ಒಂದೇ ದೊಡ್ಡ ಟೇಬಲ್ ಇದ್ರೆ ಚೆನ್ನಾಗಿತ್ತು' ಎಂದು ಶಿಷ್ಯ ಎರಡು ಮೂರು ಸಲ ಗೊಣಗಿದ. ದೊಡ್ಡ ಟೇಬಲು ಯಾರಿಗೆ ಬೇಡ? ಆದರೆ ಒಂದೇ ಟೇಬಲಿನ ಮೇಲೆ ಬೆಳಿಗ್ಗೆ ಗಾಜು, ಸಂಜೆ ಅಜ್ಜಿಯ ಫೋಟೊ ಎಂದರೆ, ನಡುವೆ ಯಾರು ಎಷ್ಟು ಒರೆಸಿದರು ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ.

ತಿರುಗಿದರೆ ಸಾಕು

ಇನ್ನು ಬಲಗೋಡೆಯ ಮುಂಭಾಗ. ಶಟರಿನ ಒಳಗೆ ಬಲಕ್ಕೆ ಏಳಡಿಯ ಕೌಂಟರು, ಎಡಕ್ಕೆ ಓಡಾಡಲು ಮೂರಡಿ. ಕೌಂಟರಿನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ, ಅವರ ಬೆನ್ನಿಗೆ ಚಿತ್ರದ ಟೇಬಲು. ಟೇಬಲಿನ ಕೆಳಗೆ ಅಗಲವಾದ, ಎರಡು ಮೂರಿಂಚಿನಷ್ಟೇ ಆಳದ ಡ್ರಾಯರುಗಳು. ಗಿರಾಕಿ ಕೊಟ್ಟ ಚಿತ್ರವನ್ನು ಇಸಿದುಕೊಂಡು ಸುಮ್ಮನೆ ಹಿಂದಕ್ಕೆ ತಿರುಗಿದರೆ ಡ್ರಾಯರು. ನಾಲ್ಕು ದಿನದ ನಂತರ ಡ್ರಾಯರಿನಿಂದ ಮೇಲಿನ ಟೇಬಲಿಗೆ. ಕಟ್ಟಿನೊಳಗೆ ಸೇರಿದ ಮೇಲೆ ಮತ್ತೆ ತಿರುಗಿದರೆ ಕೌಂಟರು. ಈ ಕೋಣೆಯಲ್ಲಿ ಚಿತ್ರದ ಒಟ್ಟು ಪ್ರಯಾಣ ಇಷ್ಟೇ, ಒಂದು ಮಾರು.

ಕೌಂಟರು ಬಾಗಿಲಿಗೆ ಹತ್ತಿರವಿರಬೇಕಾದ್ದಕ್ಕೆ ಇನ್ನೊಂದು ಕಾರಣ ಬೆಳಕು. ಪಟ್ಟಿ, ಮೌಂಟುಗಳ ಬಣ್ಣ ಆರಿಸುವುದು ಹಗಲಿನ ಬೆಳಕಿನಲ್ಲೇ ಆಗಬೇಕು. ಟ್ಯೂಬ್‌ಲೈಟಿನಡಿ ಒಂದೇ ಎಂದು ಕಂಡ ಎರಡು ಕಂದುಗಳು ಮನೆಗೆ ಹೋದ ಮೇಲೆ ಬೇರೆ ಬೇರೆಯಾಗುತ್ತವೆ. ಸೀರೆ ಕೊಂಡ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಉತ್ತರದ ಬಾಗಿಲು ಒಳ್ಳೆಯದು, ನೇರ ಬಿಸಿಲು ಬಾರದು ಎಂದು ಪುಸ್ತಕಗಳು ಹೇಳುತ್ತವೆ. ಅವು ಯೂರೋಪಿನಲ್ಲಿ ಬರೆದ ಪುಸ್ತಕಗಳು. ಸಾಗರ ಇರುವುದು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಜೂನ್ ಮೇಲೆ ಮೋಡ ಕಾಯುತ್ತದೆನ್ನಿ, ಮೇ ತಿಂಗಳಿಗೆ ಮಾತ್ರ ಬಾಗಿಲ ಮೇಲೊಂದು ತಗಡಿನ ಇಳಿಜಾರು ಬೇಕು. ಇಲ್ಲವಾದರೆ ತೂಗುಹಾಕಿದ ದೇವರುಗಳ ಕೆಂಪು-ಹಳದಿ ಮೊದಲು ಹಾರಿ, ನೀಲಿ ಮಾತ್ರ ಉಳಿದು, ಎಲ್ಲರೂ ಕೃಷ್ಣನಾಗುತ್ತಾರೆ.

ಚಿತ್ರದ ಟೇಬಲಿನ ಮೇಲೆ ಸೀಲಿಂಗ್ ಫ್ಯಾನು ಬೇಡ ಎಂದಾಗ ಸ್ವಲ್ಪ ವಾದವಾಯಿತು. ಸೆಕೆಯ ಊರುಗಳಲ್ಲಿ ಇದು ಕಷ್ಟವೇ. ಆದರೆ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಅದರಲ್ಲಿ ವಿದ್ಯುದಾವೇಶ ಹುಟ್ಟುತ್ತದೆ (ಗಾಜಿನ ಕಡ್ಡಿಯನ್ನು ರೇಷ್ಮೆಯಿಂದ ಉಜ್ಜಿ ಕಾಗದದ ಚೂರು ಎತ್ತಿದ್ದು ನೆನಪಿದೆ ತಾನೆ?). ಫೆಬ್ರವರಿ-ಮಾರ್ಚಿನ ಒಣಹವೆಯಲ್ಲಿ ಅದು ಬೇಗ ಇಳಿಯುವುದೂ ಇಲ್ಲ. ಫ್ಯಾನು ಎಬ್ಬಿಸಿದ ಧೂಳನ್ನು ಗಾಜು ಕರೆದು ಕೂರಿಸಿಕೊಳ್ಳುತ್ತದೆ. ಹಿಂದೆ ಹಾರ್ಡ್‌ಬೋರ್ಡ್ ಬಡಿದು, ಕಾಗದ ಅಂಟಿಸಿ, ತಿರುಗಿಸಿ ನೋಡಿದರೆ ಮದುಮಗಳ ಹಣೆಯ ಮೇಲೊಂದು ನೂಲಿನೆಳೆ! ಫ್ಯಾನನ್ನು ಕೌಂಟರಿನ ಮೇಲೆ ಗಿರಾಕಿಯ ಕಡೆಗೆ ತಿರುಗಿಸಿ ಗೋಡೆಗೆ ಹಾಕುವುದೆಂದಾಯಿತು. ಟೇಬಲಿನ ಒಂದು ಬದಿಗೆ, ಮೇಲ್ಮೈಗಿಂತ ಬೊಗಸೆಯಷ್ಟೇ ಎತ್ತರದಲ್ಲಿ, ಅಡ್ಡ ಬೆಳಕು ಬೀರುವ ಒಂದು ಪುಟ್ಟ ಎಲ್‌ಇಡಿ ದೀಪ. ಮಟಮಟ ಮಧ್ಯಾಹ್ನ ಕಾಣದ ರಸ್ತೆಯ ಹೊಂಡ ಸಂಜೆಯ ಓರೆ ಬಿಸಿಲಿನಲ್ಲಿ ಕಾಣುವುದಿಲ್ಲವೆ? ಗಾಜಿನ ಮೇಲಿನ ಧೂಳೂ ಹಾಗೆಯೇ, ತನ್ನ ನೆರಳಿನಿಂದ ಸಿಕ್ಕಿಬೀಳುತ್ತದೆ.

ಸ್ಥಳ ಸಾಲದಲ್ಲಿ ಕಾಲವನ್ನು ಬಳಸಿಕೊಳ್ಳಬೇಕು. ಕೊಯ್ಯುವುದು, ಮೊಳೆ, ಗಾಜು ಎಲ್ಲ ಮಧ್ಯಾಹ್ನದ ಊಟಕ್ಕೆ ಮುಂಚೆ. ಧೂಳು ಕೂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸಂಜೆ ಚಿತ್ರಗಳನ್ನು ಮುಚ್ಚುವ ಕೆಲಸ. ಗಿರಾಕಿಗಳು ಬರುವುದೂ ಹೆಚ್ಚಾಗಿ ಸಂಜೆಯೇ.

ತೇವದ ವಿಚಾರ ಮಲೆನಾಡಿನವರಿಗೆ ಹೊಸದಲ್ಲ. ಹಿತ್ತಿಲಿಗೆ ಬೆನ್ನು ಕೊಟ್ಟ ಹಿಂಗೋಡೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಕುಡಿಯುತ್ತದೆ, ನೆಲದ ತೇವವೂ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಗೋಡೆ ಏರುತ್ತದೆ. ಮೌಂಟ್ ಹಾಳೆ, ಹಾರ್ಡ್‌ಬೋರ್ಡುಗಳಿಗೆ ಪಕ್ಕದ ಮಳಿಗೆಯೊಡನೆ ಹಂಚಿಕೊಂಡ ಒಳಗೋಡೆಯೇ ಗತಿ, ಅದೂ ನೆಲದಿಂದ ಅರ್ಧ ಅಡಿ ಮೇಲೆ. ಮೌಂಟು ಬರೀ ಅಲಂಕಾರವೆಂದು ತಿಳಿದವರೇ ಹೆಚ್ಚು. ಹಳೆಯ ಫೋಟೊಗಳ ಮೇಲ್ಪದರ ಜೆಲಟಿನ್. ತೇವಕ್ಕೆ ಮೆದುವಾಗಿ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಮುಖವೇ ಕಿತ್ತುಬರುತ್ತದೆ. ಮೌಂಟಿನ ದಪ್ಪದಷ್ಟು ಗಾಳಿ ನಡುವೆ ಇದ್ದರೆ ಆ ಫೋಟೊ ಉಳಿಯಿತು. ಹಣ ಉಳಿಸಲು ಮೌಂಟು ಬೇಡವೆನ್ನುವ ಗಿರಾಕಿಗೆ, ಅಂಚಿನಲ್ಲಿ ಕಾಣದಂತೆ ತೆಳುವಾದ ಕಡ್ಡಿಗಳನ್ನಾದರೂ ಇಟ್ಟುಕೊಡಬೇಕು.

ಟೇಬಲುಗಳ ಎತ್ತರ ನಿಲ್ಲುವವನ ಮೊಣಕೈಗಿಂತ ನಾಲ್ಕೈದಿಂಚು ಕೆಳಗೆ. ಶಿಷ್ಯನಿಗೆ ಅದು 36 ಇಂಚು ಬಂತು. ಹದಿನಾರು ವರ್ಷದ ಕುಕ್ಕರಗಾಲಿಗೆ ಅಲ್ಲಿಗೆ ಮುಕ್ತಾಯ.

ಇಷ್ಟನ್ನೂ ನಾವು ಹಾಳೆಯ ಮೇಲೆ ಮಾಡಲಿಲ್ಲ. ಖಾಲಿ ಮಳಿಗೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೇ ಗೆರೆ ಎಳೆದು, ಬಿದಿರ ಗಳ ಒಂದನ್ನು ಪಟ್ಟಿಯೆಂದು ಹಿಡಿದು ಓಡಾಡಿ ನೋಡಿದೆವು. ಇದರಷ್ಟು ಅಗ್ಗದ, ಇದರಷ್ಟು ನಂಬಿಕಸ್ಥ ವಿಧಾನ ಇನ್ನೊಂದಿಲ್ಲ. ಗೆರೆಗಳ ಮೇಲೆ ನಡೆದು ನೋಡುತ್ತಿದ್ದ ಅವನ ಹೆಂಡತಿ, ಇನ್ನು ಕೌಂಟರು ನೋಡಿಕೊಳ್ಳಬೇಕಾದವಳು, ನಮ್ಮಿಬ್ಬರಿಗೂ ಹೊಳೆಯದ ಒಂದು ಮಾತು ಕೇಳಿದಳು: 'ಅಲ್ಲ ಸಾರ್, ಮುಗಿದ ಫೋಟೊಗಳನ್ನ ಎಲ್ಲಿಡೋದು? ನೆಲದ ಮೇಲಂತೂ ಆಗಲ್ಲ. ದೇವರ ಫೋಟೊ ಕಾಲ ಬುಡದಲ್ಲಿ ಇಟ್ಕಂಡು, ಸತ್ತೋರ ಫೋಟೊ ದಾಟ್ಕಂಡು ಓಡಾಡಕ್ಕಾಗತ್ತಾ? ಬಂದೋರು ನೋಡಿದ್ರೆ ಏನಂದ್ಕತಾರೆ?'

ನೂರಕ್ಕೆ ನೂರು ಸರಿಯಾದ ಮಾತು. ಪರದೇಶದ ಯಾವ ಪುಸ್ತಕದಲ್ಲೂ ಇದು ಸಿಗಲಾರದು. ಅಲ್ಲಿ ಮುಗಿದ ಕಟ್ಟುಗಳನ್ನು ನೆಲದ ಮೇಲೆ ಗೋಡೆಗೆ ಒರಗಿಸುವುದೇ ಕ್ರಮ. ಪ್ಲೈವುಡ್ ಮರೆಯ ಈಚೆ ಬದಿಗೆ, ಸೊಂಟದೆತ್ತರದಲ್ಲಿ, ತಟ್ಟೆ ನಿಲ್ಲಿಸುವ ಗೂಡಿನಂತೆ ಗಳಗಳ ನಡುವೆ ಕಟ್ಟುಗಳು ನಿಲ್ಲುವ ಒಂದು ಚೌಕವನ್ನು ಅಲ್ಲೇ ಗೆರೆ ಎಳೆದು ಸೇರಿಸಿದೆವು. ಆಕೆಯೇ ಇನ್ನೊಂದು ಹೇಳಿದಳು: ತೀರಿಕೊಂಡವರ ಫೋಟೊ ಹಿಡಿದು ಬರುವವರಿಗೆ ಕಾಯಲು ದಿನಗಳಿರುವುದಿಲ್ಲ. ವೈಕುಂಠ ಸಮಾರಾಧನೆಯ ದಿನಕ್ಕೆ ಹಾರ ಹಾಕಲು ಫೋಟೊ ಬೇಕೇ ಬೇಕು. ಯಾರಿಗೋ ಆ ದಿನ ಬೆಳಿಗ್ಗೆ ನೆನಪಾಗುತ್ತದೆ, ಮಳೆಗಾಲವಾದರೆ ಆಗಲೇ ಕರೆಂಟು ಹೋಗಿರುತ್ತದೆ. ಅದಕ್ಕೆಂದು ಹಳೆಯ ಕೈಗರಗಸ, 45 ಡಿಗ್ರಿಯ ಗಾಡಿ ಕೊರೆದ ಮರದ ಪೆಟ್ಟಿಗೆಗಳನ್ನು ಗುಜರಿಗೆ ಹಾಕದೆ ಯಂತ್ರದ ಮೇಲಿನ ಗೂಟಕ್ಕೆ ತೂಗುಹಾಕುವುದೆಂದಾಯಿತು. ಅಂಥವರ ಕೆಲಸ ಬಂದಾಗ ಮಿಕ್ಕವನ್ನು ಬದಿಗಿಟ್ಟು ಮಾಡಿಕೊಡಲು ಕೌಂಟರಿನ ಕೆಳಗೆ ಒಂದು ಡ್ರಾಯರು ಯಾವಾಗಲೂ ಖಾಲಿಯಿರಬೇಕೆಂದೂ ಆಕೆಯ ಆಜ್ಞೆ.

ಹಿಂಬದಿಯ ಮೂಲೆಯಲ್ಲಿ, ಗಾಜಿನ ಟೇಬಲಿನ ಆಚೆ, ಎರಡಡಿ ಜಾಗ ಉಳಿದಿತ್ತು. ಶಿಷ್ಯ ಅಲ್ಲಿ ಸ್ಟವ್ ಇಟ್ಟು ಚಹಾ ಕಾಯಿಸುವ ಯೋಜನೆಯಲ್ಲಿದ್ದ. ಹೊಟ್ಟಿನ ಪಕ್ಕ ಬೆಂಕಿ ಬೇಡವೆಂದು ಅದನ್ನು ಬಿಡಿಸಿ, ಮುಚ್ಚಳವಿರುವ ಒಂದು ಎಣ್ಣೆ ಡಬ್ಬಕ್ಕೆ ಆ ಜಾಗ ಕೊಟ್ಟೆವು. ಒಡೆದ ಗಾಜಿನ ಚೂರೆಲ್ಲ ಅದಕ್ಕೇ ಬೀಳಬೇಕು, ಕಸದ ಚೀಲಕ್ಕಲ್ಲ. ಬೆಳಿಗ್ಗೆ ಆರಕ್ಕೆ ಪೇಟೆಯ ಕಸ ಎತ್ತುವ ಪೌರಕಾರ್ಮಿಕರು ಚೀಲವನ್ನು ಕೈಯಿಂದಲೇ ಎತ್ತುತ್ತಾರೆ. ಡಬ್ಬ ತುಂಬಿದಾಗ ಗುಜರಿಯವನು ಒಯ್ಯುತ್ತಾನೆ. ಚಹಾ ಎದುರಿನ ಹೋಟೆಲಿನಿಂದ ಬರುತ್ತದೆ, ಕುಡಿಯುವುದು ಹೊರಗಿನ ಜಗಲಿಯ ಮೇಲೆ.